ಬ್ರಂಚ್ ಬರೋದಕ್ಕೆ ಮೊದಲಿದ್ದ ಹತ್ತು ಗಂಟೆ ಊಟ

‘ಹಬ್ಬದ ಬ್ರಂಚ್, ಭಾನುವಾರ ಹನ್ನೊಂದಕ್ಕೆ, ನಮ್ಮನೇಲಿ’ ಅಂತ ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೂ ಮೆಸೇಜ್ ಬಂದಿದ್ಯಾ? ಹಾಗಾದ್ರೆ ಇವತ್ತಿನ ಕಥೆ ನಿಮಗೇ.

‘ಬ್ರಂಚ್’ ಪದವನ್ನ 1895ರಲ್ಲಿ ಚಾಲ್ತಿಗೆ ತಂದಿದ್ದು ಗೈ ಬೆರಿಂಜರ್ ಅನ್ನೋ ಇಂಗ್ಲಿಷ್ ಲೇಖಕ. ಭಾನುವಾರ ತಡವಾಗಿ ಏಳೋರಿಗೂ ಒಂದು ಊಟ ಇರಲಿ ಅನ್ನೋದು ಅವನ ವಾದ. ಹಳೇ ಬೆಂಗಳೂರಲ್ಲಿ ಉಲ್ಟಾ. ಬೇಗ ಏಳೋರೇ ಹತ್ತು ಗಂಟೆಗೆ ಉಣ್ಣೋರು. ಚಾಮರಾಜಪೇಟೆ, ಬಸವನಗುಡಿಯ ಎಷ್ಟೋ ಗುಮಾಸ್ತರು ಅನ್ನ, ಹುಳಿ, ಮಜ್ಜಿಗೆ ಮುಗಿಸಿಯೇ ಅಠಾರಾ ಕಚೇರಿ ಕಡೆ ಹೊರಡ್ತಿದ್ರು. ತಿಂಡಿ ಏನಿದ್ರೂ ಸಂಜೆ, ಮನೆಗೆ ಬಂದ ಮೇಲೆ.

ಆ ಮನೆಗಳ ಹಿಂದೆ ಒಂದು ಸಾವಿನ ಕಥೆ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆ ಬೀದಿಗಳಲ್ಲಿ ಸಾವಿರಾರು ಜನ ಸತ್ತರು. ಜನರನ್ನು ಗಾಳಿ ಬೆಳಕಿರೋ ಕಡೆಗೆ ಕಳಿಸೋಕೆ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದವು. ಚಾಮರಾಜಪೇಟೆ ಮಾತ್ರ 1892ರಷ್ಟು ಹಳೇದು. ಅಗಲವಾದ ಸೈಟು, ದೊಡ್ಡ ಹಜಾರ, ಹಿಂದೆ ಬಾವಿ, ಬಾಳೆಗಿಡ. ಹಬ್ಬದ ದಿನ ಆ ಹಜಾರದ ತುಂಬ ಎಲೆ ಹಾಕೋರು.

ಹಬ್ಬದಲ್ಲಿ ಮಾತ್ರ ಹತ್ತು ಗಂಟೆಯ ಲೆಕ್ಕ ತಪ್ಪೋದು. ಪೂಜೆ, ನೈವೇದ್ಯ ಆಗೋ ತನಕ ಯಾರಿಗೂ ತುತ್ತಿಲ್ಲ. ಕೋಸಂಬರಿ, ಪಲ್ಯ, ಚಿತ್ರಾನ್ನ, ಅಂಬೊಡೆ, ಒಬ್ಬಟ್ಟು ಎಲ್ಲ ರೆಡಿ, ಮಕ್ಕಳು ಮೂಗರಳಿಸಿಕೊಂಡು ಅಡುಗೆಮನೆ ಬಾಗಿಲಲ್ಲಿ. ಮೊದಲ ಪಂಕ್ತಿ ಗಂಡಸರು, ಮಕ್ಕಳಿಗೆ. ನಸುಕಿಗೇ ಎದ್ದು ಮಡಿಯುಟ್ಟು ಒಲೆ ಮುಂದೆ ನಿಂತ ಹೆಂಗಸರಿಗೆ ಕೊನೇ ಪಂಕ್ತಿ. ಅಷ್ಟು ಹೊತ್ತಿಗೆ ಮಧ್ಯಾಹ್ನ ಮೂರೋ ನಾಲ್ಕೋ. ‘ಆ ಕಾಲದ ಹಬ್ಬ ಎಷ್ಟು ಚೆನ್ನಾಗಿತ್ತು’ ಅಂತ ನಾವು ಹೇಳೋದು ಬಹುಪಾಲು ಮೊದಲ ಪಂಕ್ತಿಯವರ ನೆನಪು!

ಇನ್ನೊಂದು ವಿಷಯ. ಈ ಬಡಾವಣೆಗಳಲ್ಲಿ ಜಾತಿ, ಸಮುದಾಯ ನೋಡಿ ಜಾಗ ವಿಂಗಡಿಸಿದ್ದೂ ಉಂಟು. ಅಂದ್ರೆ ಪಕ್ಕದಲ್ಲಿ ಯಾರು ಕೂತು ಉಣ್ಣಬೇಕು ಅನ್ನೋದು ಸೈಟು ಹಂಚುವಾಗಲೇ ಅರ್ಧ ತೀರ್ಮಾನ ಆಗಿರ್ತಿತ್ತು. ಇವತ್ತಿನ ಎಂಟಿಆರ್ ಕೂಡ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್.

ಮನೆ ಅಡುಗೆಯ ಭಾರ ಇಳಿಸಿದ್ದರಲ್ಲೂ ಆ ಹೋಟೆಲ್ಲಿಗೆ ಪಾಲಿದೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಬೆಲೆ ಕಟ್ಟುಪಾಡು ಹಾಕಿತು. ಆ ರೇಟಿಗೆ ನಡೆಸೋಕೆ ಆಗದೆ ಎಂಟಿಆರ್ ಊಟದ ಹಾಲ್ ಮುಚ್ಚಿ, ರವೆ ಇಡ್ಲಿ ಮಿಕ್ಸಿನಂಥ ಪ್ಯಾಕೆಟ್‌ಗಳನ್ನ ಮಾರೋಕೆ ಹೊರಟಿತು. ಹೋಟೆಲ್ಲಿನ ಕೈರುಚಿ ಅಡುಗೆಮನೆಯ ಡಬ್ಬಕ್ಕೆ ಬಂತು.

ಈಗ ಎಷ್ಟೋ ಹಳೇ ಮನೆಗಳ ಜಾಗದಲ್ಲಿ ಅಪಾರ್ಟ್‌ಮೆಂಟ್. ಮೂವತ್ತು ಎಲೆ ಹಾಕೋ ಹಜಾರ ಇಲ್ಲ, ಅದಕ್ಕೇ ಬ್ರಂಚ್: ಬಫೆ ಇಡಿ, ತಟ್ಟೆ ಹಿಡಿದು ಎಲ್ಲಿ ಬೇಕಾದ್ರೂ ನಿಂತ್ಕೊಳ್ಳಿ. ಅಜ್ಜಿಗೆ ಮಾತ್ರ ಕುರ್ಚಿ. ಮೊದಲ ಪಂಕ್ತಿ, ಕೊನೇ ಪಂಕ್ತಿ ಅನ್ನೋದೂ ಹೋಯ್ತು. ಆದರೆ ಬಿಸಿ ದೋಸೆ ಹುಯ್ಯೋಕೆ ಕಾವಲಿ ಮುಂದೆ ನಿಂತವರು ಈಗಲೂ ಕೊನೇಲೇ ತಿನ್ನೋದು.