ಬಾಹ್ಯ ಡ್ರೈವ್‌ಗಳಲ್ಲಿ ‘ಜಾಗ ಸಾಲದು’ ದೋಷ

ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಅಥವಾ ಬಾಹ್ಯ ಹಾರ್ಡ್‌ಡಿಸ್ಕ್‌ಗೆ ಫೈಲ್ ಕಾಪಿ ಮಾಡುವಾಗ, ಸಾಕಷ್ಟು ಜಾಗವಿಲ್ಲವೆಂದು ಕಂಪ್ಯೂಟರ್ ತಿಳಿಸಿ ಕೆಲಸ ನಿಲ್ಲಿಸುವ ಸ್ಥಿತಿ. ಡ್ರೈವ್ ನಿಜಕ್ಕೂ ತುಂಬಿದ್ದರೆ ಇದರಲ್ಲಿ ವಿಶೇಷವೇನಿಲ್ಲ. 32 ಜಿಬಿ ಪೆನ್‌ಡ್ರೈವ್‌ನಲ್ಲಿ 20 ಜಿಬಿ ಖಾಲಿ ಇದ್ದೂ 5 ಜಿಬಿಯ ಮದುವೆ ವಿಡಿಯೊ ಒಳಗೆ ಹೋಗದಿದ್ದಾಗ ಮಾತ್ರ ಕಾರಣ ಹುಡುಕಬೇಕಾಗುತ್ತದೆ. ಆ ಕಾರಣ ಬಹುಮಟ್ಟಿಗೆ ಜಾಗದ ಕೊರತೆಯಲ್ಲ, ಡ್ರೈವ್‌ನ ಫಾರ್ಮ್ಯಾಟ್. ಸೂಚನೆಯ ಮಾತು ನಂಬಿ ಹಳೆಯ ಫೋಟೊಗಳನ್ನು ಅಳಿಸಿದವರಿಗೆ ಫೋಟೊಗಳೂ ಉಳಿಯುವುದಿಲ್ಲ, ವಿಡಿಯೊವೂ ಕಾಪಿಯಾಗುವುದಿಲ್ಲ.

ನಾಲ್ಕು ಬೈಟ್‌ಗಳ ಮಿತಿ

ಪೆನ್‌ಡ್ರೈವ್‌ಗಳಲ್ಲಿ ಇಂದಿಗೂ ವ್ಯಾಪಕವಾಗಿ ಕಾಣುವ ಫ್ಯಾಟ್32 ಫಾರ್ಮ್ಯಾಟ್‌ನ ಮೂಲ 1977ರಷ್ಟು ಹಿಂದಿನದು. ಆ ವರ್ಷ ಮೈಕ್ರೋಸಾಫ್ಟ್‌ನ ಮಾರ್ಕ್ ಮೆಕ್‌ಡೊನಾಲ್ಡ್, ಬೇಸಿಕ್ ಭಾಷೆಯ ಡಿಸ್ಕ್ ಆವೃತ್ತಿಗಾಗಿ ಫೈಲ್ ಹಂಚಿಕೆ ಕೋಷ್ಟಕದ (ಫ್ಯಾಟ್) ಮೊದಲ ರೂಪ ಬರೆದರು. 1980ರಲ್ಲಿ ಟಿಮ್ ಪ್ಯಾಟರ್ಸನ್ ಸಿಯಾಟಲ್ ಬಳಿ ರೂಪಿಸಿದ 86-ಡಾಸ್ ಕಾರ್ಯಾಚರಣಾ ವ್ಯವಸ್ಥೆಗೆ ಈ ಕಲ್ಪನೆಯನ್ನು ಅಳವಡಿಸಿಕೊಂಡರು. ಮರುವರ್ಷ ಮೈಕ್ರೋಸಾಫ್ಟ್ ಅದನ್ನು ಕೊಂಡಿತು, ಅದೇ ಎಂಎಸ್-ಡಾಸ್ ಆಯಿತು.

ಡಾಸ್‌ನಲ್ಲಿ ಪ್ರತಿ ಫೈಲ್‌ಗೂ ಡೈರೆಕ್ಟರಿಯಲ್ಲಿ 32 ಬೈಟ್‌ಗಳ ಒಂದು ನಮೂದು ಇರುತ್ತದೆ. ಹೆಸರಿಗೆ ಎಂಟು ಬೈಟ್, ವಿಸ್ತರಣೆಗೆ ಮೂರು, ಉಳಿದುದರಲ್ಲಿ ದಿನಾಂಕ, ಸಮಯ, ಫೈಲ್ ಎಲ್ಲಿ ಶುರುವಾಗುತ್ತದೆ ಎಂಬ ವಿವರ. ಕೊನೆಯ ನಾಲ್ಕು ಬೈಟ್‌ಗಳು ಫೈಲ್‌ನ ಗಾತ್ರಕ್ಕೆ ಮೀಸಲು. ನಾಲ್ಕು ಬೈಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,29,49,67,295. ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ. 1981ರ ಐಬಿಎಂ ಪಿಸಿಯ ಫ್ಲಾಪಿ ಹಿಡಿಯುತ್ತಿದ್ದುದು 160 ಕೆಬಿ. ಹಾಗಾಗಿ ಅಂಥ 26,000 ಫ್ಲಾಪಿಗಳಿಗೆ ಸಮನಾದ ಒಂದೇ ಫೈಲನ್ನು ಯಾರೂ ಊಹಿಸಬೇಕಿರಲಿಲ್ಲ. 1996ರಲ್ಲಿ ವಿಂಡೋಸ್ 95ರ ಎರಡನೇ ಪರಿಷ್ಕೃತ ಆವೃತ್ತಿಯೊಡನೆ ಫ್ಯಾಟ್32 ಬಂದಾಗ ಕೋಷ್ಟಕ ದೊಡ್ಡದಾಯಿತು, 2 ಟಿಬಿಯ ಡಿಸ್ಕನ್ನೂ ನಿಭಾಯಿಸುವಂತಾಯಿತು. ಆದರೆ ಡೈರೆಕ್ಟರಿಯ ಆ ನಾಲ್ಕು ಬೈಟ್‌ಗಳು ಇದ್ದಂತೆಯೇ ಉಳಿದವು. ಡ್ರೈವ್ ಎಷ್ಟೇ ದೊಡ್ಡದಿರಲಿ, ಖಾಲಿ ಎಷ್ಟೇ ಇರಲಿ, ಆ ಅಳತೆ ಮೀರಿದ ಫೈಲ್‌ಗೆ ಅಲ್ಲಿ ಪ್ರವೇಶವಿಲ್ಲ.

ಗೊಂದಲ ಬೆಳೆದದ್ದು ಸೂಚನೆಯ ಮಾತುಗಳಿಂದ. ವಿಂಡೋಸ್ ಎಕ್ಸ್‌ಪಿ ಇಂಥ ಸಂದರ್ಭದಲ್ಲಿ ಖಾಲಿ ಜಾಗ ಸಾಲದೆಂದೂ ಕೆಲವು ಫೈಲ್‌ಗಳನ್ನು ಅಳಿಸಿ ಮತ್ತೆ ಪ್ರಯತ್ನಿಸಬೇಕೆಂದೂ ಹೇಳುತ್ತಿತ್ತು. ಈಚಿನ ವಿಂಡೋಸ್ ಆವೃತ್ತಿಗಳು, ಗುರಿಯ ಫೈಲ್ ವ್ಯವಸ್ಥೆಗೆ ಈ ಫೈಲ್ ತೀರಾ ದೊಡ್ಡದು ಎಂದು ನೇರವಾಗಿ ತಿಳಿಸುತ್ತವೆ. ಈ ಬದಲಾವಣೆಯಿಂದ ಆದ ಉಪಕಾರ ದೊಡ್ಡದು.

ಫೋಲ್ಡರ್ ತುಂಬುವುದು

ಫ್ಯಾಟ್32ರಲ್ಲಿ ಒಂದು ಫೋಲ್ಡರ್‌ನ ಡೈರೆಕ್ಟರಿಗೂ ಮಿತಿಯಿದೆ: 65,536 ನಮೂದುಗಳು. ಒಂದು ಫೈಲ್‌ಗೆ ಒಂದೇ ನಮೂದು ಸಾಕಾಗುವುದು ಹೆಸರು ಚಿಕ್ಕದಾಗಿ, ಹಳೆಯ ಡಾಸ್ ಪದ್ಧತಿಯಲ್ಲಿ ಇದ್ದಾಗ ಮಾತ್ರ. 1995ರಿಂದ ಬಂದ ಉದ್ದ ಹೆಸರುಗಳಿಗೆ ಪ್ರತಿ 13 ಸಂಕೇತಗಳಿಗೊಂದು ಹೆಚ್ಚುವರಿ ನಮೂದು ಬೇಕು. ಇದು ಕನ್ನಡದಲ್ಲಿ ಹೆಸರಿಡುವವರಿಗೆ ವಿಶೇಷವಾಗಿ ತಟ್ಟುತ್ತದೆ. ಯೂನಿಕೋಡ್‌ನಲ್ಲಿ ಸ್ವರಚಿಹ್ನೆ, ಹಲಂತ ಚಿಹ್ನೆಗಳೂ ಪ್ರತ್ಯೇಕ ಸಂಕೇತಗಳು. ‘ಚಿತ್ರ’ ಎಂಬ ಎರಡಕ್ಷರದ ಪದಕ್ಕೆ ಐದು ಸಂಕೇತ. ‘ಮದುವೆಯ ಚಿತ್ರಗಳು’ ಎಂಬ ಹೆಸರು, ಚುಕ್ಕೆ ಮತ್ತು ಜೆಪಿಜಿ ವಿಸ್ತರಣೆ ಸೇರಿದರೆ 19 ಸಂಕೇತ. ಹೆಸರಿಗೆ ಎರಡು ನಮೂದು, ಮೂಲ ನಮೂದು ಒಂದು, ಒಟ್ಟು ಮೂರು. ಇಷ್ಟುದ್ದದ ಹೆಸರಿನ ಸುಮಾರು 21,800 ಫೈಲ್‌ಗಳಾಗುತ್ತಲೇ ಆ ಫೋಲ್ಡರ್ ಭರ್ತಿ. ಡ್ರೈವ್ ಅರ್ಧ ಖಾಲಿಯಿದ್ದರೂ ಹೊಸ ಫೈಲ್ ಸೇರದು. ಉಪಫೋಲ್ಡರ್‌ಗಳಾಗಿ ವಿಂಗಡಿಸಿದರೆ ತೊಂದರೆ ನೀಗುತ್ತದೆ.

ಇತರ ಕಾರಣಗಳು

ಫ್ಯಾಟ್32 ತನ್ನ ಖಾಲಿ ಜಾಗದ ಮೊತ್ತವನ್ನು ಒಂದು ಪ್ರತ್ಯೇಕ ಸೆಕ್ಟರ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದು ಸುಳಿವು ಮಾತ್ರ, ಕರಾರುವಾಕ್ಕಾಗಿ ಇರಲೇಬೇಕೆಂದಿಲ್ಲ ಎಂದು ಮೈಕ್ರೋಸಾಫ್ಟ್‌ನ ತಾಂತ್ರಿಕ ವಿವರಣೆಯೇ ಹೇಳುತ್ತದೆ. ಕಾಪಿ ನಡೆಯುತ್ತಿರುವಾಗಲೇ ಪೆನ್‌ಡ್ರೈವ್ ಕಿತ್ತರೆ ಈ ಲೆಕ್ಕ ತಪ್ಪಬಹುದು, ಯಾವ ಫೈಲ್‌ಗೂ ಸೇರದ ತುಣುಕುಗಳು ಜಾಗ ಹಿಡಿದು ಕೂರಬಹುದು. ವಿಂಡೋಸ್‌ನ ಚೆಕ್‌ಡಿಸ್ಕ್ ಇವೆರಡನ್ನೂ ಸರಿಪಡಿಸುತ್ತದೆ.

ಸಣ್ಣ ಫೈಲ್‌ಗಳ ಸಮಸ್ಯೆ ಬೇರೆ. 32 ಜಿಬಿ ಮೀರಿದ ಡ್ರೈವನ್ನು ವಿಂಡೋಸ್ ಫ್ಯಾಟ್32ರ ನಂತರ ಬಂದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡುವಾಗ ಸಾಮಾನ್ಯವಾಗಿ 128 ಕೆಬಿಯ ಕ್ಲಸ್ಟರ್ (ಜಾಗ ಹಂಚುವ ಕನಿಷ್ಠ ಘಟಕ) ಆರಿಸುತ್ತದೆ. 2 ಕೆಬಿಯ ಫೈಲ್ ಕೂಡ ಒಂದಿಡೀ ಕ್ಲಸ್ಟರ್ ಬಳಸುತ್ತದೆ. ಅಂಥ ಒಂದು ಲಕ್ಷ ಫೈಲ್‌ಗಳ ನಿಜವಾದ ಗಾತ್ರ 200 ಎಂಬಿಯ ಆಸುಪಾಸು, ಹಿಡಿಯುವ ಜಾಗ 12 ಜಿಬಿಗೂ ಹೆಚ್ಚು. ಜಿಪ್ ಮಾಡಿ ಒಂದೇ ಫೈಲಾಗಿಸಿ ಕಾಪಿ ಮಾಡುವುದೇ ಇದಕ್ಕೆ ಸುಲಭ ಪರಿಹಾರ.

ಮ್ಯಾಕ್‌ನಲ್ಲಿ ಬಾಹ್ಯ ಡ್ರೈವ್‌ನಿಂದ ಅಳಿಸಿದ ಫೈಲ್ ಅದೇ ಡ್ರೈವ್‌ನ ಅಡಗಿದ ಫೋಲ್ಡರ್‌ನಲ್ಲಿರುತ್ತದೆ. ಟ್ರ್ಯಾಶ್ ಬರಿದುಮಾಡುವ ತನಕ ಜಾಗ ಬಿಡುಗಡೆಯಾಗದು. ಲಿನಕ್ಸ್‌ನ ಎಕ್ಸ್ಟ್4 ಫಾರ್ಮ್ಯಾಟ್ ಸಾಮಾನ್ಯವಾಗಿ ಜಾಗದ ಶೇ. 5ರಷ್ಟನ್ನು ಆಡಳಿತ ಬಳಕೆದಾರನಿಗೆ ಕಾದಿರಿಸುತ್ತದೆ. ‘1 ಟಿಬಿ’ ಎಂದು ಕೊಂಡದ್ದನ್ನು ವಿಂಡೋಸ್ 931 ಜಿಬಿ ಎಂದು ತೋರಿಸುವುದು ದೋಷವಲ್ಲ, ದಶಮಾನ ಮತ್ತು ದ್ವಿಮಾನ ಎಣಿಕೆಗಳ ವ್ಯತ್ಯಾಸ.

ತೀರಾ ಅಗ್ಗಕ್ಕೆ ಸಿಗುವ ನಕಲಿ ಡ್ರೈವ್‌ಗಳದು ಇನ್ನೂ ಗಂಭೀರ ವಿಷಯ. ಒಳಗಿನ ಚಿಪ್ ಚಿಕ್ಕದಿದ್ದು, ಹೇಳಿಕೊಳ್ಳುವ ಸಾಮರ್ಥ್ಯ ದೊಡ್ಡದಿರುತ್ತದೆ. ಅನೇಕ ವೇಳೆ ದೋಷಸೂಚನೆಯೇ ಬಾರದೆ ದತ್ತಾಂಶ ಹಾಳಾಗುತ್ತದೆ. ಎಚ್2ಟೆಸ್ಟ್‌ಡಬ್ಲ್ಯು, ಎಫ್3 ಎಂಬ ಉಚಿತ ತಂತ್ರಾಂಶಗಳು ಡ್ರೈವನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ ನಿಜ ತಿಳಿಸುತ್ತವೆ.

ಪರಿಹಾರ

ಮೊದಲು ಡ್ರೈವ್‌ನ ‘ಪ್ರಾಪರ್ಟೀಸ್’ ತೆರೆದು ಫೈಲ್ ಸಿಸ್ಟಮ್ ಯಾವುದೆಂದು ನೋಡಬೇಕು. ಫ್ಯಾಟ್32 ಆಗಿದ್ದು ಫೈಲ್ 4 ಜಿಬಿ ಮೀರಿದ್ದರೆ ಎರಡು ದಾರಿ. ಫಾರ್ಮ್ಯಾಟ್ ಬದಲಿಸಲಾಗದಿದ್ದರೆ 7-ಜಿಪ್‌ನಂಥ ತಂತ್ರಾಂಶದಿಂದ ಫೈಲನ್ನು ತುಂಡುಗಳಾಗಿ ಒಡೆಯಬಹುದು. ಇದು ಸಾಗಣೆಗೆ ಸರಿ, ಟಿ.ವಿ.ಯಲ್ಲಿ ನೇರವಾಗಿ ನೋಡಲು ಆಗದು. ಶಾಶ್ವತ ಪರಿಹಾರ ಫಾರ್ಮ್ಯಾಟ್ ಬದಲಿಸುವುದೇ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ನಲ್ಲಿ ಗಾತ್ರಕ್ಕೆ ಎಂಟು ಬೈಟ್‌ಗಳಿವೆ. ಮೈಕ್ರೋಸಾಫ್ಟ್ 2019ರಲ್ಲಿ ಅದರ ತಾಂತ್ರಿಕ ವಿವರಣೆಯನ್ನು ಪ್ರಕಟಿಸಿದ ಮೇಲೆ ಲಿನಕ್ಸ್ ಕರ್ನೆಲ್‌ನಲ್ಲೂ ಬೆಂಬಲ ಬಂತು; ಮ್ಯಾಕ್‌ನಲ್ಲಿ 2010ರಿಂದಲೇ ಇದೆ. ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಓಡಾಡುವ ಡ್ರೈವ್‌ಗೆ ಇದೇ ಸೂಕ್ತ, ಏಕೆಂದರೆ ವಿಂಡೋಸ್‌ನದೇ ಇನ್ನೊಂದು ಫಾರ್ಮ್ಯಾಟ್ ಆದ ಎನ್‌ಟಿಎಫ್‌ಎಸ್‌ನ ಡ್ರೈವನ್ನು ಮ್ಯಾಕ್ ಓದುತ್ತದೆಯೇ ಹೊರತು ತಾನಾಗಿ ಬರೆಯದು. ಹಳೆಯ ಟಿ.ವಿ., ಕಾರಿನ ಮ್ಯೂಸಿಕ್ ಸಿಸ್ಟಮ್‌ಗಳಲ್ಲಿ ಹಲವು ಇಂದಿಗೂ ಫ್ಯಾಟ್32 ಮಾತ್ರ ಗುರುತಿಸುವುದರಿಂದ ಅವಕ್ಕೆಂದೇ ಚಿಕ್ಕ ಪೆನ್‌ಡ್ರೈವ್ ಬೇರೆ ಇಟ್ಟುಕೊಳ್ಳುವುದು ವಾಸಿ.

ಫಾರ್ಮ್ಯಾಟ್ ಮಾಡಿದರೆ ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ವಿಂಡೋಸ್‌ನ ಕನ್ವರ್ಟ್ ಆಜ್ಞೆ ಫ್ಯಾಟ್32 ಡ್ರೈವನ್ನು ಫೈಲ್ ಅಳಿಸದೆ ಎನ್‌ಟಿಎಫ್‌ಎಸ್‌ಗೆ ಬದಲಿಸಬಲ್ಲದು, ಆದರೆ ಅದೇ ಆಜ್ಞೆಯಿಂದ ಹಿಂದಕ್ಕೆ ಬರಲಾಗದು, ಎಕ್ಸ್‌ಫ್ಯಾಟ್‌ಗೂ ಹೋಗಲಾಗದು. ಯಾವುದನ್ನೇ ಆರಿಸಿಕೊಂಡರೂ ಮೊದಲು ಫೈಲ್‌ಗಳನ್ನು ಬೇರೊಂದು ಕಡೆ ಉಳಿಸಿಕೊಳ್ಳಬೇಕು.