ರಾಜ್‌ಕುಮಾರ್: ಗಾಯನ

ರಾಜ್‌ಕುಮಾರ್ (1929–2006) ಕನ್ನಡ ಚಿತ್ರರಂಗದ ಮೇರುನಟ, ರಾಷ್ಟ್ರಪ್ರಶಸ್ತಿ ಪಡೆದ ಹಿನ್ನೆಲೆ ಗಾಯಕ. ಗಾಜನೂರಿನ ಮುತ್ತುರಾಜ ಎಂಬ ಹುಡುಗ 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ದ ಮೂಲಕ ರಾಜ್‌ಕುಮಾರ್ ಆದರು. ಆಮೇಲಿನ ನಾಲ್ಕೂವರೆ ದಶಕದಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಹಾಡಿದ್ದು ಸುಮಾರು 300 ಹಾಡು. ಭಕ್ತಿಗೀತೆ, ಪೌರಾಣಿಕ ಪದ್ಯ, ಪ್ರೇಮಗೀತೆ, ಹಿಂದುಸ್ತಾನಿ ಛಾಯೆಯ ರಚನೆಗಳ ಜೊತೆಗೆ ಪಾಶ್ಚಾತ್ಯ ಕ್ಲಬ್ ಧಾಟಿಯ ಒಂದು ಇಂಗ್ಲಿಷ್ ಹಾಡೂ ಅದರಲ್ಲಿದೆ. ನಟನಾಗಿ ಇಪ್ಪತ್ತು ವರ್ಷ ಕಳೆದ ಮೇಲೆ, ನಲವತ್ತೈದರ ವಯಸ್ಸಿನಲ್ಲಿ, ಗಾಯನ ಅವರ ಎರಡನೆಯ ಕಸುಬಾಯಿತು.

ಎರಡನೆಯ ಕಸುಬು ಎಂಬ ಮಾತು ಅವರ ಮಟ್ಟಿಗೆ ಪೂರ್ತಿ ಹೊಂದುವುದಿಲ್ಲ. ತಂದೆ ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ಕಂಪನಿಯ ನಟರು. ಮಗನೂ ಎಳೆಯ ವಯಸ್ಸಿನಲ್ಲೇ ಅದೇ ಕಂಪನಿ ಸೇರಿದ. ಶಾಲೆ ಪ್ರಾಥಮಿಕ ಹಂತದಲ್ಲೇ ನಿಂತಿತು, ಪಾಠವೆಲ್ಲ ರಂಗದ ಮೇಲೆ ಆಯಿತು. ಕಂಪನಿ ನಾಟಕದಲ್ಲಿ ನಟ ಬೇರೆ, ಗಾಯಕ ಬೇರೆ ಎಂಬ ವಿಂಗಡಣೆ ಇರಲಿಲ್ಲ. ಕಾಲುಪೆಟ್ಟಿಗೆಯ ಶ್ರುತಿ ಹಿಡಿದು ಕಂದ ಹೇಳಬೇಕು, ಹಿಂದಿನ ಸಾಲಿನವರಿಗೂ ಒಂದೊಂದು ಅಕ್ಷರ ಕೇಳಬೇಕು, ‘ಒನ್ಸ್‌ಮೋರ್’ ಎಂದರೆ ಸತ್ತ ಪಾತ್ರವೂ ಎದ್ದು ಹಾಡಬೇಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಬಂದಾಗಲೂ ತೆರೆಗೆ ಬೇಕಾಗಿದ್ದವರು ಹಾಡಬಲ್ಲ ನಟರೇ. ಹಿನ್ನೆಲೆ ಗಾಯನ ಬಂದು ಈ ಒಂದು ವಿದ್ಯೆಯನ್ನು ಎರಡಾಗಿ ಸೀಳಿತು. ಮುಖ ಒಬ್ಬರದು, ಕಂಠ ಇನ್ನೊಬ್ಬರದು. ‘ಬೇಡರ ಕಣ್ಣಪ್ಪ’ದ ಕಣ್ಣಪ್ಪನಿಗೂ ಸಿ.ಎಸ್. ಜಯರಾಮನ್ ಹಾಡಿದರು. ರಾಜ್‌ಕುಮಾರ್ ಅವರ ಗಾಯನವೆಂದರೆ ಆ ಸೀಳನ್ನು ಮತ್ತೆ ಹೊಲಿದ ಕೆಲಸ ಎಂದು ಈ ಲೇಖನದ ಅಭಿಪ್ರಾಯ.

ಅವರ ಕಂಠ 1956ರ ‘ಓಹಿಲೇಶ್ವರ’ದಲ್ಲೇ ತೆರೆಗೆ ಬಂದಿತ್ತು. ಬಿ.ಎಸ್. ರಂಗಾ ಅವರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿ ಅವರೊಡನೆ ಒಂದು ಯುಗಳಗೀತೆಯನ್ನೂ ಹಾಡಿದ್ದರು. ಆಮೇಲೆ ಬಹುಕಾಲ ಆ ಕಂಠ ಹಿಂದೆ ಸರಿಯಿತು. ಪಿ.ಬಿ. ಶ್ರೀನಿವಾಸ್ ಅವರ ಮೃದು ದನಿ ರಾಜ್‌ಕುಮಾರ್ ಮುಖಕ್ಕೆ ಎಷ್ಟು ಒಗ್ಗಿತೆಂದರೆ, ಎರಡೂ ಒಬ್ಬರದೇ ಎಂದು ಜನ ನಂಬಿದ್ದರು.

ತಿರುವು ಬಂದದ್ದು 1974ರ ‘ಸಂಪತ್ತಿಗೆ ಸವಾಲ್’ನಲ್ಲಿ. ಧ್ವನಿಮುದ್ರಣದ ಹೊತ್ತಿಗೆ ಶ್ರೀನಿವಾಸ್ ಅವರಿಗೆ ಆರೋಗ್ಯ ಸರಿಯಿರಲಿಲ್ಲ. ಎಮ್ಮೆಯ ಮೇಲೆ ಕುಳಿತು ನಾಯಕ ಹಾಡುವ ಹಾಡನ್ನು ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ನಾಯಕನಿಂದಲೇ ಹಾಡಿಸಿದರು. ಈ ಚಿತ್ರದ ಮೂಲ ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯ ನಾಟಕಕಾರ ಪಿ.ಬಿ. ಧುತ್ತರಗಿಯವರ ಅದೇ ಹೆಸರಿನ ನಾಟಕ. ಕಂಪನಿ ನಾಟಕದಿಂದ ಬಂದ ನಟ ತನ್ನ ಕಂಠವನ್ನು ಮರಳಿ ಪಡೆದದ್ದು ಕಂಪನಿ ನಾಟಕದಿಂದ ಬಂದ ಕತೆಯಲ್ಲಿ. ಹಾಡು ಮನೆಮಾತಾಯಿತು. ಅಲ್ಲಿಂದಾಚೆಗೆ ರಾಜ್‌ಕುಮಾರ್ ಪಾತ್ರಗಳಿಗೆ ಹೆಚ್ಚಾಗಿ ರಾಜ್‌ಕುಮಾರರೇ ಹಾಡಿದರು.

ಈ ಬದಲಾವಣೆಯ ನಡುಗಾಲದ ಒಂದು ಅಪರೂಪದ ದಾಖಲೆ ಹುಣಸೂರು ಕೃಷ್ಣಮೂರ್ತಿಯವರ ‘ಬಬ್ರುವಾಹನ’ (1977). ಅರ್ಜುನನೂ ರಾಜ್‌ಕುಮಾರ್, ಬಬ್ರುವಾಹನನೂ ರಾಜ್‌ಕುಮಾರ್. ತಂದೆ ಮಗ ಎದುರುಬದುರು ನಿಂತು ಪದ್ಯದಲ್ಲಿ ಮೂದಲಿಸಿಕೊಳ್ಳುವ ದೃಶ್ಯಕ್ಕೆ ಟಿ.ಜಿ. ಲಿಂಗಪ್ಪ ಎರಡು ಕಂಠ ಬಳಸಿದರು: ಒಂದು ಪಿ.ಬಿ. ಶ್ರೀನಿವಾಸ್ ಅವರದು, ಇನ್ನೊಂದು ರಾಜ್‌ಕುಮಾರ್ ಅವರದು. ಗಮನವಿಟ್ಟು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಶ್ರೀನಿವಾಸ್ ಸ್ವರದ ನಯ ಕಾಪಾಡಿಕೊಂಡು ಸಿಟ್ಟು ತೋರಿಸುತ್ತಾರೆ. ರಾಜ್‌ಕುಮಾರ್ ಮೊದಲು ಮಾತನ್ನು ಒಗೆಯುತ್ತಾರೆ, ಸ್ವರ ಅದರ ಬೆನ್ನು ಹತ್ತಿ ಬರುತ್ತದೆ. ಒತ್ತಕ್ಷರಗಳ ಮೇಲೆ ಅವರು ಹಾಕುವ ಭಾರ ನೇರವಾಗಿ ನಾಟಕದ ಅಟ್ಟದಿಂದ ಬಂದದ್ದು.

ಪಾಶ್ಚಾತ್ಯ ಧಾಟಿಯಲ್ಲಿ ಅವರ ಹೆಸರು ನಿಂತಿರುವುದು ದೊರೆ–ಭಗವಾನ್ ನಿರ್ದೇಶನದ ‘ಆಪರೇಷನ್ ಡೈಮಂಡ್ ರಾಕೆಟ್’ (1978) ಚಿತ್ರದ ‘ಇಫ್ ಯು ಕಮ್ ಟುಡೇ’ ಹಾಡಿನಿಂದ. 1968ರ ‘ಜೇಡರ ಬಲೆ’ಯಿಂದ ಶುರುವಾದ ಸಿಐಡಿ 999 ಮಾಲಿಕೆಯ ನಾಲ್ಕನೆಯ ಚಿತ್ರವಿದು. ಕ್ಯಾಬರೆ, ಗಿಟಾರು, ಹಿತ್ತಾಳೆ ವಾದ್ಯಗಳ ಅಬ್ಬರ ಈ ಪತ್ತೇದಾರಿ ಚಿತ್ರಗಳಿಗೆ ಜಿ.ಕೆ. ವೆಂಕಟೇಶ್ ಕೊಟ್ಟ ಬಣ್ಣ. ಹಾಡಿನ ಸಾಹಿತ್ಯ ಪೂರ್ತಿ ಇಂಗ್ಲಿಷಿನಲ್ಲಿದೆ, ನಡುನಡುವೆ ಗಡಿಯಾರದ ಸದ್ದನ್ನು ಬಾಯಲ್ಲೇ ನುಡಿಸುವ ಅಕ್ಷರಗಳಿವೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಯದ ನಟ ಇದನ್ನು ಪಾತ್ರದ ಮಾತು ಒಪ್ಪಿಸುವಂತೆ ಒಪ್ಪಿಸಿದ್ದಾರೆ. ಸ್ವರಾಕ್ಷರಗಳು ತುಂಬಿ ಬರುತ್ತವೆ, ಉಚ್ಚಾರದಲ್ಲಿ ಎರವಲು ಬಿಗುಮಾನವಿಲ್ಲ, ತಾಳ ಎಲ್ಲೂ ಜಾರುವುದಿಲ್ಲ. ಅಂತರಜಾಲದ ಕಾಲದಲ್ಲಿ ಈ ಹಾಡು ಕನ್ನಡ ಬಾರದವರಿಗೂ ತಲುಪಿತು. ಕೆಲವರು ಅದನ್ನು ಬರೀ ತಮಾಷೆಯಾಗಿ ಕಂಡದ್ದು ಅನ್ಯಾಯ. ಬರಿಯ ಕಿವಿಯಿಂದ ಒಂದು ಪರಭಾಷೆಯ ಲಯವನ್ನು ಇಷ್ಟು ನಿಖರವಾಗಿ ಹಿಡಿಯುವುದು ಪಳಗಿದ ಕಲಾವಿದನಿಗೆ ಮಾತ್ರ ಸಾಧ್ಯ.

ಅಮೆರಿಕದ ಬಿಂಗ್ ಕ್ರಾಸ್ಬಿ, ಫ್ರಾಂಕ್ ಸಿನಾಟ್ರ ಕೂಡ ನಟನೆ, ಗಾಯನ ಎರಡರಲ್ಲೂ ಬಾಳಿದವರು. ಅವರ ದಾರಿ ತಿರುವುಮುರುವು: ಮೈಕಿನ ಮುಂದೆ ಹೆಸರು ಮಾಡಿ ಆಮೇಲೆ ನಟನೆಗೆ ಆಸ್ಕರ್ ಪಡೆದರು. ರಂಗನಾಟಕ, ಸಿನಿಮಾಗಳಿಂದ ಬಂದು, ತಲೆಮಾರುಗಳ ಗಾಯಕರು ತಮ್ಮ ತಮ್ಮ ರೀತಿಯಲ್ಲಿ ಹಾಡುತ್ತ ಬಂದ ಹಾಡುಗಳನ್ನು ಅಲ್ಲಿನ ಜಾಝ್ ಜಗತ್ತು ‘ಸ್ಟ್ಯಾಂಡರ್ಡ್ಸ್’ ಎನ್ನುತ್ತದೆ. ಅಂಥ ಹಾಡಿನ ಗಂಟು ಕನ್ನಡಕ್ಕೂ ಇದೆ, ಅದು ದಾಸರ ಪದಗಳು; ಅದರ ದೊಡ್ಡ ಪಾಲು ರಾಯಚೂರು ಸೀಮೆಯದು. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಮಾನ್ವಿ ತಾಲ್ಲೂಕಿನಲ್ಲಿದೆ, ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನಲ್ಲಿದೆ. ‘ಹರಿಕಥಾಮೃತಸಾರ’ದ ಜಗನ್ನಾಥದಾಸರು ಬಾಳಿದ್ದು ಮಾನ್ವಿಯಲ್ಲಿ. ದಾಸರ ಪದ ಯಾರೊಬ್ಬರ ಸ್ವತ್ತೂ ಅಲ್ಲ. ಭಜನೆ ಮಂಡಳಿ ಒಂದು ರೀತಿ ಹಾಡುತ್ತದೆ, ಕಛೇರಿಯ ವಿದ್ವಾಂಸರು ಇನ್ನೊಂದು ರೀತಿ, ಅಡುಗೆಮನೆಯ ಅಜ್ಜಿ ಮತ್ತೊಂದು ರೀತಿ. ರಾಯಚೂರು ನಗರದ ರಂಗಮಂದಿರಕ್ಕೆ ವಚನ ಗಾಯನದಿಂದ ಪ್ರಸಿದ್ಧರಾದ ಹಿಂದುಸ್ತಾನಿ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿದೆ. ನಾಟಕದ ಮನೆಗೆ ಹಾಡುಗಾರನ ಹೆಸರು ಇಟ್ಟುಕೊಂಡ ಊರಿಗೆ ಹಾಡುವ ನಟ ಹೊಸಬನಾಗಿರಲಿಲ್ಲ.

ಆ ಸೀಮೆಗೆ ರಾಜ್‌ಕುಮಾರ್ ದನಿ ಆಳವಾಗಿ ಇಳಿದದ್ದು ಜನ ‘ರಾಯರು’ ಎಂದು ಕರೆಯುವ ರಾಘವೇಂದ್ರ ಸ್ವಾಮಿಗಳ ಭಕ್ತಿಗೀತೆಗಳಿಂದ. ರಾಯರ ನೆಲೆಯಾದ, ತುಂಗಭದ್ರೆಯಾಚೆಯ ಮಂತ್ರಾಲಯ ರಾಯಚೂರಿನಿಂದ ಸುಮಾರು 45 ಕಿಲೋಮೀಟರ್. ರಾಯರ ಸ್ತೋತ್ರ ರಚಿಸಿದ ಅಪ್ಪಣಾಚಾರ್ಯರ ಬಿಚ್ಚಾಲಿ ರಾಯಚೂರು ತಾಲ್ಲೂಕಿನದೇ ಊರು. 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಘವೇಂದ್ರರ ಪಾತ್ರ ಮಾಡಿದ ರಾಜ್‌ಕುಮಾರ್ ಅವರಿಗೆ ಆಗ ಹಾಡಿದವರು ಪಿ.ಬಿ. ಶ್ರೀನಿವಾಸ್. ಮುಂದೆ ಕ್ಯಾಸೆಟ್ ಕಾಲದಲ್ಲಿ ಅದೇ ರಾಯರನ್ನು ರಾಜ್‌ಕುಮಾರ್ ತಮ್ಮದೇ ಕಂಠದಲ್ಲಿ ಕರೆದರು. ರಾಯರ ದಿನವಾದ ಗುರುವಾರದ ಹಾಡುಗಳು ಮಂತ್ರಾಲಯದ ಬಸ್ಸಿನಲ್ಲಿ, ಹೂವಿನ ಅಂಗಡಿಯಲ್ಲಿ, ಮನೆಯ ಬೆಳಗಿನ ಪೂಜೆಯಲ್ಲಿ ನೆಲೆಯೂರಿದವು. ಈ ಹಾಡುಗಳಲ್ಲಿ ಅವರು ಗಮಕ ಮೆರೆಸುವುದಿಲ್ಲ. ಎದುರಿಗೆ ಕುಳಿತ ಹಿರಿಯರೊಬ್ಬರಿಗೆ ಸುಖದುಃಖ ಹೇಳಿಕೊಳ್ಳುವಷ್ಟೇ ದನಿ ಎತ್ತುತ್ತಾರೆ. ಸಿನಿಮಾ ನೋಡದ ಮಡಿವಂತ ಮನೆಗಳಿಗೂ ಅವರು ಹೋದದ್ದು ಹೀಗೆ.

ಶಾಸ್ತ್ರೀಯ ಮಟ್ಟದಲ್ಲಿ ಅವರ ದೊಡ್ಡ ಸಾಧನೆ ‘ಜೀವನ ಚೈತ್ರ’ (1992). ಮೂರು ವರ್ಷ ತೆರೆಯಿಂದ ದೂರವಿದ್ದು ಮರಳಿದ ಚಿತ್ರವದು. ಚಿ. ಉದಯಶಂಕರ್ ಬರೆದು ಉಪೇಂದ್ರಕುಮಾರ್ ರಾಗ ಹಾಕಿದ ‘ನಾದಮಯ’ವನ್ನು ಹಾಡುವಾಗ ಅವರಿಗೆ ಅರವತ್ತು ದಾಟಿತ್ತು. ಆ ವಯಸ್ಸಿನ ಗಂಟಲಿನಲ್ಲಿ ಬರಬೇಕಾದ ಒರಟು ಇಲ್ಲಿ ಬಂದಿಲ್ಲ. ನಿಧಾನದ ಆಲಾಪ ಹೆಜ್ಜೆ ಹೆಜ್ಜೆಯಾಗಿ ಮೇಲೇರುತ್ತದೆ, ಉಸಿರು ಮುರಿಯದೆ ತಾರಸ್ಥಾಯಿಯಲ್ಲಿ ನಿಲ್ಲುತ್ತದೆ. ಈ ಹಾಡಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಪದ್ಮಭೂಷಣ 1983ರಲ್ಲಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ 1995ರಲ್ಲಿ ಬಂದವು.

ಹಾಡಿನಿಂದ ಬಂದ ಹಣವನ್ನು ಅವರು ದಾನಧರ್ಮಕ್ಕೆ ಬಿಟ್ಟಿದ್ದರು. ಊರೂರಿನ ರಸಮಂಜರಿ ಕಾರ್ಯಕ್ರಮಗಳಲ್ಲೂ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ನಿಂತು ಹಾಡಿ ಸಾರ್ವಜನಿಕ ಕೆಲಸಗಳಿಗೆ ಹಣ ಕೂಡಿಸಿಕೊಟ್ಟರು.

ಬೇರೆ ನಟರಿಗೂ ಅವರು ಕಂಠ ಕೊಟ್ಟರು. 1993ರ ‘ಮುದ್ದಿನ ಮಾವ’ದಲ್ಲಿ ಮಾವನ ಪಾತ್ರ ಮಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಸಾವಿರಾರು ಹಾಡು ಹಾಡಿದ ಆ ಗಾಯಕ ಅಳಿಯನಾದ ಶಶಿಕುಮಾರ್‌ಗೆ ತಮ್ಮ ದನಿ ಕೊಟ್ಟು, ತೆರೆಯ ಮೇಲಿನ ತಮ್ಮ ತುಟಿಗೆ ರಾಜ್‌ಕುಮಾರ್ ಅವರಿಂದ ಹಾಡಿಸಿಕೊಂಡರು.