ನಡಿಗೆಯಿಂದ ದೂರದೋಟಕ್ಕೆ

ದೂರದ ಓಟವೆಂದೊಡನೆ ಸಾಮಾನ್ಯ ಜನರ ಮನಸ್ಸಿನಲ್ಲಿ ಮೆಚ್ಚುಗೆಯೊಡನೆ ಭಯವೂ ಹುಟ್ಟುವುದುಂಟು. ಈ ಭಯದ ಮೂಲವನ್ನು ಅರಸುತ್ತ ಹೊರಟರೆ ಗ್ರೀಸ್ ದೇಶದ ಒಂದು ಐತಿಹ್ಯದವರೆಗೆ ಹೋಗಬೇಕಾಗುವುದು. ಕ್ರಿ. ಪೂ. 490ರಲ್ಲಿ ಮ್ಯಾರಥಾನ್ ಬಯಲಿನಲ್ಲಿ ಪಾರಸಿಕರನ್ನು ಗೆದ್ದ ವಾರ್ತೆಯನ್ನು ಹೊತ್ತು ಅಥೆನ್ಸಿಗೆ ಓಡಿದ ದೂತನು, ಸುದ್ದಿಯನ್ನು ಹೇಳಿದೊಡನೆಯೇ ಕುಸಿದು ಪ್ರಾಣಬಿಟ್ಟನೆಂಬುದೇ ಆ ಕಥೆ. ಅದೇ ಶತಮಾನದ ಹೆರೊಡೋಟಸನ ಗ್ರಂಥದಲ್ಲಿ ಸ್ಪಾರ್ಟಾ ನಗರಕ್ಕೆ ನೆರವು ಕೇಳಲು ಓಡಿದ ದೂತನ ಪ್ರಸ್ತಾಪವಿದೆಯೇ ಹೊರತು ಈ ಮರಣದ ಮಾತಿಲ್ಲ. ಆದರೂ ಕಥೆಯು ಇತಿಹಾಸಕ್ಕಿಂತ ಗಟ್ಟಿಯಾಗಿ ಬೇರೂರಿತು.

1896ರಲ್ಲಿ ಒಲಿಂಪಿಕ್ ಕ್ರೀಡೆಗಳು ಅಥೆನ್ಸಿನಲ್ಲಿ ಪುನಃ ಆರಂಭವಾದಾಗ ಈ ಐತಿಹ್ಯದ ನೆನಪಿಗಾಗಿಯೇ ಮ್ಯಾರಥಾನ್ ಓಟವು ಏರ್ಪಟ್ಟಿತು. ಮುಂದೆ ನಡೆದ ಸಂಗತಿಗಳು ಹಳೆಯ ಭಯವನ್ನು ಹೆಚ್ಚಿಸಿದುವು. 1908ರಲ್ಲಿ ಲಂಡನ್ನಿನಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಎಂಬಾತನು ಮೊದಲಿಗನಾಗಿ ಕ್ರೀಡಾಂಗಣವನ್ನು ಹೊಕ್ಕರೂ, ದಿಕ್ಕು ತಪ್ಪಿ, ಮತ್ತೆ ಮತ್ತೆ ಬಿದ್ದು, ಪರರ ಆಸರೆಯಿಂದ ಗುರಿಯನ್ನು ಮುಟ್ಟಿದುದರಿಂದ ಬಹುಮಾನಕ್ಕೆ ಎರವಾದನು. 1912ರಲ್ಲಿ ಸ್ಟಾಕ್‌ಹೋಮಿನ ಬಿಸಿಲಿನಲ್ಲಿ ಓಡಿದ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಜಾರೊ ದಾರಿಯಲ್ಲಿ ಕುಸಿದವನು ಮರುದಿನ ತೀರಿಕೊಂಡನು. ದೂರದ ಓಟವು ಹುಟ್ಟಿನಿಂದಲೇ ಅಸಾಧಾರಣ ದೇಹವನ್ನು ಪಡೆದುಬಂದ ಕೆಲವರಿಗೆ ಮಾತ್ರ ತಕ್ಕುದು, ಉಳಿದವರಿಗೆ ಅದು ಪ್ರಾಣಾಪಾಯ ಎಂಬ ಭಾವನೆಯು ಜನರಲ್ಲಿ ನೆಲೆಗೊಂಡಿತು.

ಈ ಭಾವನೆಯನ್ನು ಸಡಿಲಿಸಿದವರಲ್ಲಿ ಮುಖ್ಯನಾದವನು ವೈದ್ಯನಲ್ಲ, ಪಂಡಿತನೂ ಅಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಒಂದು ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆರ್ಥರ್ ಲಿಡಿಯಾರ್ಡ್. ಇವನು 1917ರಲ್ಲಿ ಹುಟ್ಟಿದವನು. ರಗ್ಬಿ ಆಟಗಾರನಾಗಿ ತನ್ನ ದೇಹವು ಗಟ್ಟಿಯಾಗಿದೆಯೆಂದೇ ನಂಬಿದ್ದವನು. 1940ರ ದಶಕದ ಮಧ್ಯದಲ್ಲಿ, ತನಗಿಂತ ಹಿರಿಯನಾದ ಗೆಳೆಯನೊಬ್ಬನೊಡನೆ ಕೆಲವೇ ಮೈಲಿ ಓಡುವಷ್ಟರಲ್ಲಿ ಇವನ ಉಸಿರು ಕಟ್ಟಿತು. ಮೂವತ್ತು ತುಂಬುವ ಮೊದಲೇ ಈ ಸ್ಥಿತಿಯಾದರೆ ಐವತ್ತರ ಹತ್ತಿರ ತನ್ನ ಗತಿಯೇನು ಎಂಬ ಚಿಂತೆ ಅವನನ್ನು ಹಿಡಿಯಿತು. ಅಂದಿನಿಂದ ಅವನು ತನ್ನ ದೇಹವನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡನು. ಒಮ್ಮೆ ಅತಿಯಾಗಿ ಓಡಿ, ಒಮ್ಮೆ ಕಡಿಮೆ ಓಡಿ, ಒಮ್ಮೆ ವೇಗವಾಗಿ, ಒಮ್ಮೆ ನಿಧಾನವಾಗಿ ಓಡಿ, ಪ್ರತಿಯೊಂದರ ಫಲವನ್ನೂ ವರ್ಷಗಟ್ಟಲೆ ಪರೀಕ್ಷಿಸಿದನು. 1953 ಮತ್ತು 1955ರಲ್ಲಿ ತನ್ನ ದೇಶದ ಮ್ಯಾರಥಾನ್ ಪ್ರಶಸ್ತಿಯನ್ನು ಗೆದ್ದನು.

ಈ ತಪಸ್ಸಿನಿಂದ ಅವನು ಕಂಡುಕೊಂಡ ತತ್ತ್ವವು ಬಹು ಸರಳವಾದುದು. ಮೊದಲು ಬೇಕಾದುದು ವೇಗವಲ್ಲ, ತಾಳಿಕೆ. ತಾಳಿಕೆಯು ಬರುವುದು ದಣಿಸಿಕೊಳ್ಳುವುದರಿಂದಲ್ಲ, ದಣಿಯದಷ್ಟು ಮಂದಗತಿಯಲ್ಲಿ ಹೆಚ್ಚು ಹೊತ್ತು ಓಡುವುದರಿಂದ. ತಳಹದಿಯು ಹೀಗೆ ಭದ್ರವಾದ ಮೇಲೆಯೇ ಗುಡ್ಡದ ಓಟ, ಆಮೇಲೆ ವೇಗದ ಅಭ್ಯಾಸ. ತನ್ನ ಶಿಷ್ಯರನ್ನು ವಾರಕ್ಕೆ ನೂರು ಮೈಲಿಗಳವರೆಗೆ ಅವನು ಬೆಳೆಸಿದನು. ಅರ್ಧ ಮೈಲಿಯ ಓಟಗಾರನಾದ ಪೀಟರ್ ಸ್ನೆಲ್ ಕೂಡ ವೈಟಾಕೆರೆ ಬೆಟ್ಟಗಳ 22 ಮೈಲಿಯ ಸುತ್ತನ್ನು ಓಡಬೇಕಾಗಿತ್ತು. ಇದನ್ನು ಕಂಡು ನಕ್ಕವರು ಹಲವರು. ಆದರೆ 1960ರ ಸೆಪ್ಟೆಂಬರ್ 2ರಂದು ರೋಮ್ ನಗರದಲ್ಲಿ ಸ್ನೆಲ್ 800 ಮೀಟರಿನಲ್ಲಿಯೂ, ಎಡಗೈ ಊನಗೊಂಡಿದ್ದ ಮರ್ರೆ ಹಾಲ್ಬರ್ಗ್ 5,000 ಮೀಟರಿನಲ್ಲಿಯೂ ಒಂದು ಗಂಟೆಯ ಅಂತರದೊಳಗೆ ಚಿನ್ನದ ಪದಕಗಳನ್ನು ಪಡೆದರು. ಅದೇ ಕ್ರೀಡೆಗಳ ಮ್ಯಾರಥಾನಿನಲ್ಲಿ ಬ್ಯಾರಿ ಮಗೀ ಮೂರನೆಯವನಾದನು. ಆ ಮೇಲೆ ನಗುವವರು ಉಳಿಯಲಿಲ್ಲ.

ಪದಕಗಳ ಕಥೆ ಇಷ್ಟಕ್ಕೇ ಮುಗಿದಿದ್ದರೆ ನಮ್ಮಂತಹ ಗೃಹಸ್ಥರಿಗೆ ಅದರಿಂದ ಪ್ರಯೋಜನವೇನೂ ಇರುತ್ತಿರಲಿಲ್ಲ. ಲಿಡಿಯಾರ್ಡನ ನಿಜವಾದ ಕಾಣಿಕೆಯು ಆಮೇಲಿನದು. ಅಲ್ಲಿನ ವ್ಯಾಪಾರಸ್ಥರೂ ಉದ್ಯೋಗಸ್ಥರೂ, ಮೈ ಬೆಳೆದವರೂ, ಹೃದಯಾಘಾತಕ್ಕೆ ಒಮ್ಮೆ ತುತ್ತಾಗಿದ್ದವರೂ ಅವನ ಉಪನ್ಯಾಸವನ್ನು ಕೇಳಿ ಬಂದು ಸೇರಿದರು. 1962ರಲ್ಲಿ ಆಕ್ಲೆಂಡಿನಲ್ಲಿ ಜಾಗಿಂಗ್ ಸಂಘವು ಸ್ಥಾಪಿತವಾಯಿತು. ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಅಲುಗದಂತೆ ಮಲಗಿಸುತ್ತಿದ್ದ ಪದ್ಧತಿಯು ಇನ್ನೂ ಪೂರ್ತಿಯಾಗಿ ಮಾಯವಾಗಿರದ ಕಾಲವದು. ಅಂತಹವರು ಮೊದಲು ನಡೆದು, ನಡುನಡುವೆ ತುಸು ಓಡಿ, ತಿಂಗಳುಗಳು ಕಳೆದಂತೆ ಮೈಲಿಗಳನ್ನು ಕ್ರಮಿಸತೊಡಗಿದುದು ಆಶ್ಚರ್ಯವೇ ಸರಿ. ಅಭ್ಯಾಸವಿರಲಿ, ಆಯಾಸ ಬೇಡ ಎಂಬುದೇ ಅವರಿಗೆ ಗುರುವಿನ ಬೋಧೆ.

ಅದೇ ವರ್ಷದ ಕೊನೆಯಲ್ಲಿ ಅಮೆರಿಕೆಯ ಆರೆಗನ್ ವಿಶ್ವವಿದ್ಯಾಲಯದ ಓಟದ ಶಿಕ್ಷಕ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದನು. ಅವನಿಗೆ ಆಗ 51 ವರ್ಷ. ಇತರರಿಗೆ ಓಡುವುದನ್ನು ಕಲಿಸುತ್ತಿದ್ದ ಅವನು, ಈ ಸಂಘದವರೊಡನೆ ತಾನೇ ಓಡಹೊರಟಾಗ ಹಿಂದೆ ಬಿದ್ದನು. ಅವನಿಗೆ ಸಂಗಾತಿಯಾಗಿ ನಿಂತು, ಮಾತನಾಡುತ್ತ ದಾರಿ ಸಾಗಿಸಿದವನು ಎಪ್ಪತ್ತು ದಾಟಿದ, ಹೃದಯರೋಗವನ್ನು ಅನುಭವಿಸಿದ್ದ ಒಬ್ಬ ವೃದ್ಧ! ಶಿಕ್ಷಕನು ಶಿಷ್ಯನಾಗಿ ಊರಿಗೆ ಮರಳಿದನು. 1963ರಲ್ಲಿ ತನ್ನ ಊರಾದ ಯೂಜೀನಿನಲ್ಲಿ ಸಾರ್ವಜನಿಕರನ್ನು ಓಡಲು ಕರೆದಾಗ ನೆರೆದ ಗುಂಪನ್ನು ಕಂಡು ಅವನೇ ಅಂಜಿದನು. ವೈದ್ಯಕೀಯ ಪರೀಕ್ಷೆಯಿಲ್ಲದೆ ಮುಂದುವರಿಯಬಾರದೆಂದು ನಿರ್ಧರಿಸಿ, ಹೃದಯತಜ್ಞನಾದ ವಾಲ್ಡೊ ಹ್ಯಾರಿಸನ ನೆರವಿನಿಂದ ಕ್ರಮವೊಂದನ್ನು ರೂಪಿಸಿದನು. ಇವರಿಬ್ಬರ ಪುಸ್ತಕವು 1967ರಲ್ಲಿ ಪ್ರಕಟವಾಗಿ ಮನೆಮನೆಗಳಿಗೆ ಹಬ್ಬಿತು.

ಕ್ರಮವನ್ನು ಇನ್ನಷ್ಟು ಸುಲಭಗೊಳಿಸಿದವನು ಜಾಶ್ ಕ್ಲಾರ್ಕ್. 1996ರಲ್ಲಿ ಅವನು ರಚಿಸಿದ ಒಂಬತ್ತು ವಾರಗಳ ಪಾಠವು ಇಂದಿಗೂ ಹೊಸಬರಿಗೆ ಆಶ್ರಯವಾಗಿದೆ. ವಾರಕ್ಕೆ ಮೂರೇ ದಿನ ಅಭ್ಯಾಸ. ಮೊದಲನೆಯ ವಾರ ಐದು ನಿಮಿಷದ ಚುರುಕು ನಡಿಗೆಯ ಬಳಿಕ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ. ಹೀಗೆ ಇಪ್ಪತ್ತು ನಿಮಿಷ. ವಾರ ಕಳೆದಂತೆ ಓಟವು ಹಿಗ್ಗಿ ನಡಿಗೆಯು ಕುಗ್ಗುವುದು. ಐದನೆಯ ವಾರದ ಕೊನೆಗೆ ಇಪ್ಪತ್ತು ನಿಮಿಷಗಳ ಎಡೆಬಿಡದ ಓಟ. ಒಂಬತ್ತನೆಯ ವಾರಕ್ಕೆ ಅರ್ಧ ಗಂಟೆ, ಅಥವಾ 5 ಕಿಲೋಮೀಟರು.

ಈ ನಿಧಾನಕ್ಕೆ ದೇಹಧರ್ಮದಲ್ಲಿಯೇ ಕಾರಣವುಂಟು. ಅಭ್ಯಾಸದಿಂದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ದೂಡಲು ಕಲಿಯುವುದು. ಮಾಂಸಖಂಡಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುವು. ಈ ಬದಲಾವಣೆಗಳು ಕೆಲವು ವಾರಗಳಲ್ಲಿಯೇ ತೋರಿಬರುವುವು. ಎಲುಬುಗಳೂ ಸ್ನಾಯುರಜ್ಜುಗಳೂ ಬಲಗೊಳ್ಳಲು ಮಾತ್ರ ತಿಂಗಳುಗಳೇ ಬೇಕು. ಉಸಿರು ಸಾಲುವುದೆಂಬ ಉತ್ಸಾಹದಿಂದ ದೂರವನ್ನು ಒಮ್ಮೆಲೇ ಹೆಚ್ಚಿಸುವವನ ಕಾಲು ನೋಯುವುದು ಇದರಿಂದಲೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ನಮ್ಮ ಹಿರಿಯರ ಗಾದೆಯು ಇಲ್ಲಿ ಅಕ್ಷರಶಃ ಸತ್ಯ. ಓಡುತ್ತಿರುವಾಗ ಜೊತೆಯವನೊಡನೆ ಮಾತನಾಡಲು ಸಾಧ್ಯವಾದರೆ ವೇಗವು ಸರಿಯಾಗಿದೆ. ಮಾತು ತಡವರಿಸಿದರೆ ನಡೆಯತಕ್ಕದ್ದು. ಕಠಿಣ ದಿನದ ಮರುದಿನ ಸುಲಭವಾಗಿರಬೇಕು. ವಯಸ್ಸಾದವರೂ ರೋಗವನ್ನುಂಡವರೂ ಮೊದಲು ವೈದ್ಯರನ್ನು ಕಾಣುವುದು ಅವಶ್ಯ.

ಲಿಡಿಯಾರ್ಡನು 87ನೆಯ ವಯಸ್ಸಿನಲ್ಲಿ, 2004ರ ಡಿಸೆಂಬರಿನಲ್ಲಿ, ಅಮೆರಿಕೆಯಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದಾಗಲೇ ತೀರಿಕೊಂಡನು. ಅವನಿಂದ ಕಲಿತ ಸಾಮಾನ್ಯರು ಪದಕಗಳಿಗಿಂತ ದೊಡ್ಡದೊಂದನ್ನು ಪಡೆದರು; ತಮ್ಮ ದೇಹದ ಮೇಲಿನ ಭರವಸೆಯನ್ನು ಮರಳಿ ಪಡೆದರು. ಮ್ಯಾರಥಾನಿನ ದೂತನಿಗೆ ಯುದ್ಧದ ವಾರ್ತೆಯನ್ನು ಅಂದೇ ಮುಟ್ಟಿಸಬೇಕಾದ ಅವಸರವಿತ್ತು. ನಮಗೆ ಅಂತಹ ಅವಸರವೇನೂ ಇಲ್ಲ. ಈ ದಿನ ಬೀದಿಯ ಕೊನೆಯ ಮರದವರೆಗೆ ಓಡಿ, ಅಲ್ಲಿಂದ ನಡೆದು ಮನೆಗೆ ಬಂದರೂ ಸಾಕು; ಮುಂದಿನ ವಾರ ಇನ್ನೊಂದು ಮರ.